ಕಿತ್ತಷ್ಟೂ ಬರುವ ಜಲಪರ್ಣಿ

ಪ್ರಶ್ನೆ: ಸರ್, ಪುಣೆಯಲ್ಲಿ ನಮ್ಮ ಸೊಸೈಟಿ ಹಿಂದಿನ ಕೆರೆಯಲ್ಲಿ ಸುಮಾರು ಒಂದು ಎಕರೆ ಜಲಪರ್ಣಿ ಹಬ್ಬಿದೆ (ನೀರ ಮೇಲೆ ತೇಲುವ ಕಳೆ, ವಾಟರ್ ಹಯಸಿಂತ್; ನಮ್ಮೂರ ಕಡೆ ಅಂತರಗಂಗೆ ಅಂತೀವಿ). ಮಾರ್ಚಿನಲ್ಲಿ ಯಂತ್ರ ತಂದು ತೆಗೆಸಿದರು, ಮೇ ಕೊನೆಗೆ ಮತ್ತೆ ತುಂಬಿತು. ಔಷಧಿ ಹೊಡೆಸೋಣವೇ?

ಉತ್ತರ: ಬೇಡ. ಸತ್ತ ಗಿಡ ಮುಳುಗಿ ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ಬೆಳಗಾಗುವಷ್ಟರಲ್ಲಿ ಮೀನು ತೇಲುತ್ತವೆ. ಕೊಳೆತದ್ದು ಮುಂದಿನ ಬೆಳೆಗೇ ಗೊಬ್ಬರ.

ಮತ್ತೆ ತುಂಬಿದ್ದರಲ್ಲಿ ಆಶ್ಚರ್ಯವೇನಿಲ್ಲ. ಬಿಸಿಲೂ ಚರಂಡಿ ನೀರೂ ಸಿಕ್ಕರೆ ಹತ್ತು ಹನ್ನೆರಡು ದಿನಕ್ಕೆ ಇದು ಇಮ್ಮಡಿ. ನೂರರಲ್ಲಿ ಒಂದು ಪಾಲು ಉಳಿದಿದ್ದರೂ ಏಳು ಸಲ ಇಮ್ಮಡಿಯಾದರೆ ಮುಗಿಯಿತು, ಅಂದರೆ 70ರಿಂದ 85 ದಿನ. ಉಳಿಯುವುದು ಯಂತ್ರ ಹೋಗಲಾರದ ಕಡೆ: ಜೊಂಡಿನ ಸಂದಿ, ದಡದ ಕಲ್ಲಿನ ಮಗ್ಗುಲು. ಯಂತ್ರ ಹೋದ ಮೇಲೆ ಕನಿಷ್ಠ ಮೂರು ತಿಂಗಳು, ವಾರಕ್ಕೊಮ್ಮೆ ಇಬ್ಬರು ತೆಪ್ಪದಲ್ಲಿ ಹೋಗಿ ಕೈಯಿಂದ ಮರಿಗಿಡ ಆರಿಸಬೇಕು. ಗುತ್ತಿಗೆ ಪತ್ರದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಇದೇ ಸಾಲು. ಬೀಜ ಕೆಸರಿನಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಜೀವ ಹಿಡಿದಿರುತ್ತದೆ, ಹಾಗಾಗಿ ಹೂ ಬಿಡುವ ಮೊದಲೇ ಕೀಳಿ.

ತೂಕ ಮೊದಲೇ ಲೆಕ್ಕ ಹಾಕಿಕೊಳ್ಳಿ. ದಟ್ಟ ಹಾಸು ಚದರ ಮೀಟರಿಗೆ 20 ಕಿಲೋ ಹಿಡಿದರೂ ಎಕರೆಗೆ 80 ಟನ್, ಅದರಲ್ಲಿ ನೂರಕ್ಕೆ 90 ಪಾಲಿಗೂ ಹೆಚ್ಚು ನೀರು. ದಡದ ಮೇಲೆ ತೆಳ್ಳಗೆ ಹರಡಿ ನಾಲ್ಕೈದು ದಿನ ಬಾಡಿಸಿದರೆ ಲಾರಿ ಬಾಡಿಗೆ ಉಳಿಯುತ್ತದೆ. ಆದರೆ ನೀರಿನ ಅಂಚಿನಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ಅಷ್ಟೂ ಕೆರೆಗೆ ವಾಪಸ್.

ನಾಲೆ ಕೆರೆಗೆ ಸೇರುವಲ್ಲಿ ತೇಲುತಡೆ ಕಟ್ಟಿ: ಎರಡೂ ತುದಿ ಮುಚ್ಚಿದ 110 ಮಿ.ಮೀ. ಪಿವಿಸಿ ಪೈಪುಗಳನ್ನು ನೈಲಾನ್ ಹಗ್ಗಕ್ಕೆ ಸಾಲಾಗಿ ಬಿಗಿದು, ಕೆಳಗೆ ಒಂದೂವರೆ ಅಡಿ ಬಲೆ ಇಳಿಬಿಡಿ. ಹಗ್ಗ ಸಡಿಲವಿರಲಿ. ಬಿಗಿಯಾಗಿದ್ದರೆ ಮಳೆಗಾಲದಲ್ಲಿ ನೀರೇರಿದಾಗ ಪೈಪು ಮುಳುಗಿ ಕಳೆ ಮೇಲಿಂದ ದಾಟುತ್ತದೆ.

ಪ್ರಶ್ನೆ: ಇದನ್ನು ತಿನ್ನುವ ಹುಳು ಬಿಡಬಹುದಂತೆ?

ಉತ್ತರ: ನಿಯೋಚೆಟಿನಾ ಮೂತಿಹುಳು. ದಕ್ಷಿಣ ಅಮೆರಿಕದ್ದು, ನಮ್ಮ ಬೆಂಗಳೂರಿನ ಕೆರೆಗಳಲ್ಲಿ 1980ರ ದಶಕದಲ್ಲೇ ಬಿಟ್ಟಿದ್ದಾರೆ. ಮೊದಲು ನಿಮ್ಮ ಕೆರೆಯ ಎಲೆ ತಿರುವಿ ನೋಡಿ. ಕೆರೆದಂಥ ಎರಡು ಮೂರು ಮಿ.ಮೀ. ಕಂದು ಚೌಕಗಳಿದ್ದರೆ ಹುಳು ಆಗಲೇ ಇದೆ. ಮರಿಹುಳು ಎಲೆಯ ತೊಟ್ಟನ್ನು ಒಳಗಿಂದ ಕೊರೆಯುತ್ತದೆ. ಫಲ ಕಾಣಲು ಎರಡು ಮೂರು ವರ್ಷ ಬೇಕು. ಯಂತ್ರದಿಂದ ಪೂರ್ತಿ ಬಾಚಿದರೆ ಹುಳವೂ ಲಾರಿ ಹತ್ತುತ್ತದೆ, ಆದ್ದರಿಂದ ಹುಳುವಿದ್ದ ಒಂದು ತುಂಡನ್ನು ತಡೆಯೊಳಗೆ ಕಟ್ಟಿಹಾಕಿ ಉಳಿಸಿ.

ಪಾಷಾಣ್ ಕೆರೆಗೆ ರಾಮನದಿಯಿಂದ ಬರುವ ಹಾಗೆ ನಿಮ್ಮಲ್ಲೂ ಚರಂಡಿ ನೀರು ಬರುತ್ತಿದ್ದರೆ, ಪಾಲಿಕೆಗೆ ಕೊಡುವ ಮೊದಲ ಅರ್ಜಿ ಆ ಚರಂಡಿ ಪೈಪಿನ ಬಗ್ಗೆ ಇರಲಿ.