‘ಗಾಂಜಾ ಸೇವನೆ’: ರೋಗಿಯನ್ನು ಕೇಳುವಾಗ ತಕ್ಕ ಕ್ರಿಯಾಪದ ಯಾವುದು?

ಮಾನ್ಯರೇ,

ಎದೆನೋವೆಂದು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರನ್ನು ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕರಡಿನಲ್ಲಿ ‘ಮಾದಕ ವಸ್ತು ಸೇವನೆಯ ಅಭ್ಯಾಸವಿದೆಯೇ?’ ಎಂಬ ವಾಕ್ಯವಿದೆ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಈ ವಾಕ್ಯಕ್ಕೆ ಸರಿಯಾದ ಉತ್ತರ ಸಿಗಲಾರದೆಂದು ನನ್ನ ಅನುಮಾನ.

ವೈದ್ಯರಿಗೆ ತುರ್ತಾಗಿ ಬೇಕಿರುವುದು ಅಭ್ಯಾಸಕ್ಕಿಂತ ಹೊತ್ತು. ಗಾಂಜಾ ಸೇದಿದ ಕೆಲವೇ ನಿಮಿಷಗಳಲ್ಲಿ ನಾಡಿ ಬಡಿತ ಏರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿನಿಂದ ರಕ್ತ ಹೊತ್ತೊಯ್ಯುವ ಆಮ್ಲಜನಕ ತಗ್ಗುತ್ತದೆ. ಹೀಗೆ ಹೃದಯಕ್ಕೆ ದುಡಿಮೆ ಹೆಚ್ಚಾದ ಗಳಿಗೆಯಲ್ಲೇ ಪೂರೈಕೆ ಕಡಿಮೆಯಾಗುತ್ತದೆ. ಹೃದಯಾಘಾತವಾದ 3,882 ಮಂದಿಯನ್ನು ವಿಚಾರಿಸಿ 2001ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸೇದಿದ ಮೊದಲ ಒಂದು ಗಂಟೆಯಲ್ಲಿ ಅಪಾಯ 4.8 ಪಟ್ಟು ಹೆಚ್ಚಿ ಆಮೇಲೆ ಬೇಗನೆ ಇಳಿಯುವುದು ಕಂಡುಬಂತು. (ಆ ಒಂದು ಗಂಟೆಯೊಳಗೆ ಸೇದಿದ್ದವರು ಒಂಬತ್ತೇ ಮಂದಿಯಾದ್ದರಿಂದ ಈ ಅಂಕಿಯನ್ನು ಶಿಲಾಶಾಸನದಂತೆ ಹಿಡಿಯಬೇಕಿಲ್ಲ.)

‘ಸೇವನೆ’ಯ ತೊಡಕು ಇದಕ್ಕಿಂತ ದೊಡ್ಡದು. ಔಷಧ ಸೇವನೆ, ವಾಯುಸೇವನೆ ಎರಡಕ್ಕೂ ಸಲ್ಲುವ ಈ ಪದ, ಸೇದಿದ್ದೋ ತಿಂದಿದ್ದೋ ಎಂಬುದನ್ನು ಮರೆಮಾಡುತ್ತದೆ. ತಿಂದರೆ ಅಮಲು ಏರಲು ಒಂದೆರಡು ಗಂಟೆ ಹಿಡಿಯಬಹುದು, ಇಳಿಯುವುದೂ ತಡ. ಹಾಗಿರುವಾಗ ಸಂಜೆ ತಿಂದವನಿಗೆ ರಾತ್ರಿ ಎದೆ ಹಿಡಿದುಕೊಂಡರೆ ಎರಡಕ್ಕೂ ನಂಟಿರಬಹುದೆಂದು ಅವನಿಗೇ ಹೊಳೆಯದು.

‘ಮಾದಕ ವಸ್ತು’ ಎಂದೊಡನೆ ರೋಗಿಗೆ ನೆನಪಾಗುವುದು ಪೊಲೀಸ್ ಠಾಣೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಕಾಣುವ ಭಕ್ತರಂತೂ ಆ ಪದವನ್ನು ತಮಗೆ ಅನ್ವಯಿಸಿಕೊಳ್ಳುವುದಿಲ್ಲ. ಮಾದಕ ವಸ್ತುಗಳ ಕುರಿತ 1985ರ ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿ. ತುದಿಯಿಲ್ಲದ ಬರೀ ಎಲೆ ಅದರಲ್ಲಿ ಸೇರದು. ಆದ್ದರಿಂದ ಭಂಗಿ, ಅಂದರೆ ಆ ಎಲೆಯನ್ನು ಅರೆದು ಕುಡಿದವನು ‘ಗಾಂಜಾ ಮುಟ್ಟಿಲ್ಲ’ ಎಂದರೆ ಅದು ಸುಳ್ಳೂ ಅಲ್ಲ, ಆದರೆ ಒಳಗೆ ಹೋಗಿರುವುದು ಅಮಲೇರಿಸುವ ಅದೇ ರಾಸಾಯನಿಕ, ಟಿಎಚ್‌ಸಿ. ‘ಭಂಗಿ’ಗೆ ನಿಲುವು ಎಂಬ ಅರ್ಥವೂ ಇರುವುದರಿಂದ ‘ಭಂಗಿ ಸೊಪ್ಪು’ ಎಂದೇ ಬರೆಯಬೇಕೆನಿಸುತ್ತದೆ.

ನಾನು ಸದ್ಯಕ್ಕೆ ಬರೆದಿರುವುದು ಇಷ್ಟು: ‘ನಿನ್ನೆ ಅಥವಾ ಇವತ್ತು ಗಾಂಜಾ, ಚರಸ್ ಸೇದಿದ್ದೀರಾ? ಭಂಗಿ ಸೊಪ್ಪು ತಿಂದಿದ್ದೀರಾ, ಅರೆದು ಕುಡಿದಿದ್ದೀರಾ? ಎಷ್ಟು ಹೊತ್ತಿಗೆ?’ ಉದ್ದವಾಯಿತೆಂದು ಸಹೋದ್ಯೋಗಿಯೊಬ್ಬರು ‘ಗಾಂಜಾ ತೆಗೆದುಕೊಂಡಿದ್ದೀರಾ?’ ಎಂದು ತಿದ್ದಿದರು. ಮಾತ್ರೆಯ ವಿಷಯದಲ್ಲಿ ಈ ಕ್ರಿಯಾಪದ ಸಲೀಸು. ಗಾಂಜಾದ ವಿಷಯದಲ್ಲಿ ‘ಕೊಂಡಿರಾ?’ ಎಂದು ಕೇಳಿದಂತಾಗಿ, ಇದ್ದ ಧೈರ್ಯವೂ ಹೋದೀತು.

ಸೇದುವುದು, ತಿನ್ನುವುದು, ಕುಡಿಯುವುದು ಮೂರನ್ನೂ ಒಳಗೊಂಡು, ಆಪಾದನೆಯ ದನಿಯಿಲ್ಲದ ಒಂದೇ ಕ್ರಿಯಾಪದ ನಿಮ್ಮ ಕಡೆಯ ಮಾತಿನಲ್ಲಿದ್ದರೆ ದಯವಿಟ್ಟು ತಿಳಿಸಿ. ಹಾಗೆಯೇ ‘ಎದೆ ಡವಡವ ಎನ್ನುತ್ತಿದೆಯೇ?’ ಎಂದು ಕೇಳಿದರೆ ನಿಮ್ಮೂರಿನವರು ಅದನ್ನು ಬಡಿತವೆಂದು ತಿಳಿಯುತ್ತಾರೋ, ಭಯವೆಂದು ತಿಳಿಯುತ್ತಾರೋ ಎಂಬುದನ್ನೂ ಬರೆದರೆ ಉಪಕಾರವಾಗುತ್ತದೆ.