ಅಪ್‌ಡೇಟ್: ಕಪ್ಪತಗುಡ್ಡದ ಆ ‘ಎರಡು’ ಹೂವುಗಳು

ಎರಡು ವಾರಗಳ ಹಿಂದೆ ಕೇಳಿದ್ದೆ: ಗದಗ ಜಿಲ್ಲೆಯ ಡೋಣಿ ಕಡೆಯಿಂದ ಕಪ್ಪತಗುಡ್ಡ ಹತ್ತುವಾಗ ಒಂದೇ ಪೊದೆಯ ಮೇಲೆ ಹಸಿರು ಮಿಶ್ರಿತ ಹಳದಿ ಹೂವೊಂದು, ಕಡುಗೆಂಪು ಹೂವೊಂದು ಕಂಡವು, ಯಾವುವು ಇವು? ಫೋಟೊ ಮಸುಕಾಗಿತ್ತು, ತಪ್ಪು ನನ್ನದೇ. ‘ಎಲೆಯ ತುದಿ ನೋಡಿಕೊಂಡು ಬನ್ನಿ’ ಎಂದು ನಿಮ್ಮಲ್ಲೊಬ್ಬರು ಹೇಳಿದ್ದರು.

ಭಾನುವಾರ ಮತ್ತೆ ಹೋದೆ. ನೋಡಬೇಕಾದದ್ದು ಎಲೆಯ ತುದಿಯನ್ನೇ! ಅದು ದಾರದಂತೆ ನೀಳವಾಗಿ, ಸುರುಳಿ ಸುತ್ತಿ ಪಕ್ಕದ ಕಂಟಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಹೂವು ಕೆಳಮುಖವಾಗಿ ಜೋತುಬಿದ್ದಿದ್ದರೂ ಅದರ ಆರು ಎಸಳುಗಳು ಮಾತ್ರ ಅಂಚು ಅಲೆಅಲೆಯಾಗಿ ಮೇಲಕ್ಕೆ ಮಡಚಿಕೊಂಡಿದ್ದವು, ಥೇಟ್ ಒಲೆಯ ಉರಿಯಂತೆ. ಅಗ್ನಿಶಿಖೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸುಪರ್ಬಾ.

ಬಣ್ಣದ ಒಗಟೂ ಬಿಡಿಸಿತು. ಅರಳುವಾಗ ಹಸಿರು-ಹಳದಿ, ದಿನ ಕಳೆದಂತೆ ಕಿತ್ತಳೆ, ಕೊನೆಗೆ ಕೆಂಪು. ನಾನು ಎರಡು ಜಾತಿ ಎಂದುಕೊಂಡದ್ದು ಒಂದೇ ಬಳ್ಳಿಯ ಹೊಸ ಹೂವು, ಹಳೆಯ ಹೂವು.

ಗಡ್ಡೆ ತಂದು ಕುಂಡದಲ್ಲಿ ನೆಡಿ ಎಂದವರಿಗೆ: ತರಲಿಲ್ಲ. 2019ರಿಂದ ಅದು ವನ್ಯಜೀವಿ ಧಾಮ. ಮೇಲಾಗಿ ಗಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ವಿಷವಿದೆ, ತಿಂದರೆ ಪ್ರಾಣಕ್ಕೇ ಕುತ್ತು. ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸಿದೆ.

ಹೊಸ ಫೋಟೊವನ್ನು ಅವ್ವನಿಗೆ ತೋರಿಸಿದೆ. ಕನ್ನಡಕವನ್ನೂ ಹಾಕಿಕೊಳ್ಳದೆ, ‘ಗೌರಿ ಹೂವಲ್ಲವೇ? ಹಬ್ಬದ ಹೊತ್ತಿಗೆ ಬಿಡುತ್ತದೆ. ನನ್ನನ್ನೇ ಕೇಳಬಾರದಿತ್ತೇ?’ ಎಂದಳು.