ಟೈಪ್ ಒನ್, ಕೀಟೊ, ಮತ್ತೆ ಆದಿತ್ಯವಾರದ ಲಾಂಗ್ ರನ್: ಬೇಸಲ್ ಬಿಡಬಹುದಾ ಡಾಕ್ಟ್ರೆ?

ಪ್ರಶ್ನೆ (ಸುರತ್ಕಲ್‌ನಿಂದ):
ನಮಸ್ಕಾರ ಡಾಕ್ಟ್ರೆ. ನಂಗೆ 31, ಹದಿನಾಲ್ಕನೇ ವರ್ಷಕ್ಕೆ ಟೈಪ್ ಒನ್ ಡಯಾಬಿಟಿಸ್ (ಮೈಯಲ್ಲಿ ಇನ್ಸುಲಿನ್ ಆಗುದಿಲ್ಲ) ಅಂತ ಗೊತ್ತಾದದ್ದು. ಮೂರು ತಿಂಗಳಿಂದ ಕೀಟೊ ಮಾಡ್ತಾ ಇದ್ದೇನೆ, ದಿನಕ್ಕೆ ಕಾರ್ಬ್ 30 ಗ್ರಾಂ ದಾಟುದಿಲ್ಲ, ಅನ್ನ ಇಲ್ಲ ನೀರ್ದೋಸೆ ಇಲ್ಲ, ಮೀನು ಮೊಟ್ಟೆ ಪನೀರ್ ಬಸಳೆ ಇಷ್ಟೇ. ಎಚ್‌ಬಿಎವನ್‌ಸಿ (ಮೂರು ತಿಂಗಳ ಸರಾಸರಿ ಶುಗರ್) 8.4 ಇದ್ದದ್ದು 6.5 ಆಯ್ತು, ಲ್ಯಾಂಟಸ್ (ದಿನಕ್ಕೊಮ್ಮೆ ಹಾಕುವ ನಿಧಾನದ ಇನ್ಸುಲಿನ್, ಬೇಸಲ್ ಅಂತಾರಲ್ಲ ಅದು) 22 ಯೂನಿಟಿಂದ 14ಕ್ಕೆ ಇಳಿಸಿದೆ, ಅಲ್ಲಿವರೆಗೆ ಖುಷಿಯೇ. ಸಮಸ್ಯೆ ಓಟದ್ದು. ಹಾಫ್ ಮ್ಯಾರಥಾನಿಗೆ ಪ್ರಾಕ್ಟೀಸ್ ಅಂತ ಆದಿತ್ಯವಾರ ಬೆಳಿಗ್ಗೆ ಪಣಂಬೂರು ಬೀಚ್‌ವರೆಗೆ ಹೋಗಿ ವಾಪಸ್ ಬರ್ತೇನೆ. ಕಳೆದ ತಿಂಗಳು ವಾಪಸ್ ಬರುವಾಗ ಕುಳಾಯಿ ಹತ್ತಿರ ಕೈಕಾಲು ನಡುಗ್ಲಿಕ್ಕೆ ಶುರು, ಬೆವರಿಗೆ ಮೈಗೆ ಅಂಟಿಸಿದ ಶುಗರ್ ಸೆನ್ಸರ್ ಬೇರೆ ಕಿತ್ತು ಹೋಗಿತ್ತು, ಗ್ಲುಕೋಮೀಟರಲ್ಲಿ ನೋಡಿದ್ರೆ 52. ಕೀಟೊ ಹಾಳಾಗ್ಬಾರ್ದಂತ ಜೇಬಲ್ಲಿದ್ದ ನೆಲಗಡಲೆ ತಿಂದೆ, ಹತ್ತು ನಿಮಿಷ ಆದ್ರೂ 55. ಕಡೆಗೆ ಗೂಡಂಗಡಿಯವರು ಸಕ್ಕರೆ ಹಾಕಿ ಲಿಂಬೆ ಶರಬತ್ತು ಕೊಟ್ರು.

ಹಾಗಾಗಿ ಅದರ ಮುಂದಿನ ವಾರ ಶನಿವಾರ ರಾತ್ರಿಯ ಲ್ಯಾಂಟಸ್ ಹಾಕ್ಲೇ ಇಲ್ಲ. ಓಟ ಒಳ್ಳೇದಾಯ್ತು, ಶುಗರ್ ಲೋ ಆಗ್ಲಿಲ್ಲ. ಆದ್ರೆ ಮಧ್ಯಾಹ್ನ ಹೊಟ್ಟೆನೋವು, ನಾಲ್ಕು ಸಲ ವಾಂತಿ. ಶುಗರ್ 168 ಅಷ್ಟೇ ಇದ್ದದ್ದು. ಹತ್ತಿರದ ಕ್ಲಿನಿಕ್‌ನಲ್ಲಿ ಶುಗರ್ ನಾರ್ಮಲ್ ಉಂಟು, ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳ್ಸಿದ್ರು. ಅಮ್ಮ ಬೈದು ಬೈದು ಉಪ್ಪು ಹಾಕಿದ ಗಂಜಿ ತಿಳಿ ಕುಡಿಸಿದ್ರು, ಅದಕ್ಕೆ ಎರಡು ಯೂನಿಟ್ ಊಟಕ್ಕೆ ಹಾಕುವ ಬೇಗದ ಇನ್ಸುಲಿನ್ ನೊವೊರ‍್ಯಾಪಿಡ್, ರಾತ್ರಿ ಎಂದಿನಂತೆ ಲ್ಯಾಂಟಸ್. ಮರುದಿನ ಸರಿಯಾಯ್ತು. ಈಗ ನನ್ನ ಪ್ರಶ್ನೆ, ಲಾಂಗ್ ರನ್ ಇದ್ದ ದಿನ ಬೇಸಲ್ ಬಿಡುದು ತಪ್ಪಾ? ಆಸ್ಟ್ರೇಲಿಯಾದಲ್ಲಿ ಒಬ್ಬ ಟೈಪ್ ಒನ್‌ನವ ಕೀಟೊದಲ್ಲೇ 20 ದಿನಕ್ಕೆ 4011 ಕಿಲೋಮೀಟರ್ ಸೈಕಲ್ ಹೊಡ್ದಿದ್ದಾನಂತೆ.

ಉತ್ತರ (ಡಾಕ್ಟರ್, ಉಡುಪಿ):
ಓದಿ ಎದೆ ಧಸಕ್ ಅಂತು ಮಾರಾಯ್ರೆ. ಆ ದಿನ ನಿಮಗೆ ಆದದ್ದು ಗ್ಯಾಸ್ಟ್ರಿಕ್ ಅಲ್ಲ ಅಂತ ನನಗೆ ಬಲವಾದ ಅನುಮಾನ. ಕೀಟೊಅಸಿಡೋಸಿಸ್‌ನ ಹೊಸ್ತಿಲಿಗೆ ಹೋಗಿ ಬಂದಿದ್ದೀರಿ, ಅಂದ್ರೆ ಕೀಟೋನ್ ಏರಿ ರಕ್ತ ಆಸಿಡ್ ಆಗುದು. ಶುಗರ್ 400 ಆದ್ರೆ ಮಾತ್ರ ಅದು ಬರುದು ಅಂತ ತುಂಬ ಜನ, ಕೆಲವು ಡಾಕ್ಟರುಗಳೂ, ತಿಳ್ಕೊಂಡಿದ್ದಾರೆ. ಕಾರ್ಬ್ ತಿನ್ನದವರಿಗೆ ಶುಗರ್ 150–200ರಲ್ಲೇ ಇದ್ದು ರಕ್ತ ಆಸಿಡ್ ಆಗಬಹುದು.

ಕಾರಣ ಹೇಳ್ತೇನೆ. ಇನ್ಸುಲಿನ್ ಬರೇ ಶುಗರ್ ಇಳಿಸ್ಲಿಕ್ಕೆ ಅಲ್ಲ, ಲಿವರ್ ಕೊಬ್ಬಿನಿಂದ ಕೀಟೋನ್ ಮಾಡ್ತದಲ್ಲ, ಅದಕ್ಕೆ ಬ್ರೇಕ್ ಹಾಕುದೂ ಅದೇ. ನಿಮ್ಮ ಪಕ್ಕದ ಮನೆಯವರು ಕೀಟೊ ಮಾಡಿದ್ರೆ ಕೀಟೋನ್ 0.5ರಿಂದ 3ರ ಒಳಗೆ ನಿಲ್ತದೆ, ಯಾಕಂದ್ರೆ ಅವರ ಮೇದೋಜೀರಕ ಗ್ರಂಥಿ ಹನಿಹನಿ ಇನ್ಸುಲಿನ್ ಬಿಡ್ತಾ ಇರ್ತದೆ. ನಿಮಗೆ ಆ ಹನಿ ಅಂದ್ರೆ ಲ್ಯಾಂಟಸ್ ಒಂದೇ. ಅದನ್ನು ಬಿಟ್ಟು, ಹೊಟ್ಟೆಯಲ್ಲಿ ಕಾರ್ಬ್ ಇಲ್ಲದೆ, ಎರಡು ಗಂಟೆ ಓಡಿ, ಬೆವರಿ ನೀರು ಉಪ್ಪು ಕಳ್ಕೊಂಡು ಬಂದಿದ್ದೀರಿ. ಬ್ರೇಕ್ ತೆಗ್ದು ಘಾಟಿ ಇಳಿದ ಹಾಗೆ. ಅಮ್ಮನ ಗಂಜಿ ತಿಳಿಯಲ್ಲಿ ನೀರು, ಉಪ್ಪು, ಸ್ವಲ್ಪ ಕಾರ್ಬ್ ಇತ್ತು, ಜೊತೆಗೆ ಇನ್ಸುಲಿನ್ ಬಿತ್ತು, ಬಹುಶಃ ಅದರಿಂದಲೇ ಬಚಾವ್. ಇನ್ನೊಮ್ಮೆ ಹಾಗಾದ್ರೆ ಮನೆಮದ್ದು ನೆಚ್ಚಿಕೊಂಡು ಕೂತ್ಕೊಳ್ಬೇಡಿ. ಸೀದಾ ಕ್ಯಾಶುವಾಲ್ಟಿಗೆ ಹೋಗಿ, ನಾನು ಟೈಪ್ ಒನ್, ಕೀಟೊದಲ್ಲಿದ್ದೇನೆ, ಶುಗರ್ ಎಷ್ಟೇ ಇರ್ಲಿ ಬ್ಲಡ್ ಕೀಟೋನ್ ಮತ್ತು ಬ್ಲಡ್ ಗ್ಯಾಸ್ (ರಕ್ತ ಎಷ್ಟು ಆಸಿಡ್ ಅಂತ) ನೋಡಿ ಅಂತ ನೀವೇ ಬಾಯಿಬಿಟ್ಟು ಹೇಳ್ಬೇಕು.

ಹಾಗಾಗಿ ಬೇಸಲ್ ಬಿಡುದು ತಪ್ಪಾ ಅಂದ್ರೆ ತಪ್ಪು, ಚರ್ಚೆಯೇ ಇಲ್ಲ. ಲಾಂಗ್ ರನ್ ಆದ ದಿನ ರಾತ್ರಿ ಡೋಸ್ ಶೇಕಡಾ 20ರಷ್ಟು ಕಮ್ಮಿ ಮಾಡುದುಂಟು, ಓಟ ಮುಗಿದ ಮೇಲೂ 24 ಗಂಟೆವರೆಗೆ ಲೋ ಆಗಬಹುದು ಅಂತ. ಆದ್ರೆ ನೀವು ಈಗಾಗ್ಲೇ 22ರಿಂದ 14ಕ್ಕೆ ಇಳ್ದವರು, ಅದನ್ನೂ ನಿಮ್ಮ ಡಾಕ್ಟರ್ ಹತ್ರ ಮಾತಾಡಿಯೇ ಮಾಡಿ.

ಇನ್ನು ನೆಲಗಡಲೆ. ಲೋ ಆದಾಗ ಕೀಟೊ ಗೀಟೊ ಮರೆತುಬಿಡಿ. ಕೊಬ್ಬಿದ್ದದ್ದು ಹೊಟ್ಟೆಯಿಂದ ನಿಧಾನ ಇಳಿತದೆ. 15 ಗ್ರಾಂ ಗ್ಲೂಕೋಸ್ ಪುಡಿ, ಇಲ್ಲದಿದ್ರೆ ಮೂರು ಚಮಚ ಸಕ್ಕರೆ, 15 ನಿಮಿಷ ಬಿಟ್ಟು ಪುನಃ ಚೆಕ್. ಬೊಂಡ ಕುಡಿದ್ರೆ ಆಗ್ತದಾ ಅಂತ ಕೇಳ್ತಾರೆ, ಒಂದು ಲೋಟ ಬೊಂಡ ನೀರಲ್ಲಿ ಹತ್ತು ಗ್ರಾಂ ಸಕ್ಕರೆಯೂ ಇರುದು ಡೌಟು, ಬಾಯಾರಿಕೆಗೆ ಸರಿ, 52ಕ್ಕೆ ಸಾಲುದಿಲ್ಲ. ಇನ್ನೊಂದು ವಿಷಯ ಮನೆಯವರಿಗೂ ಗೊತ್ತಿರ್ಲಿ: ಕಾರ್ಬ್ ಕಮ್ಮಿ ತಿನ್ನುವವರ ಲಿವರಲ್ಲಿ ಗ್ಲೈಕೋಜನ್ (ಕೂಡಿಟ್ಟ ಶುಗರ್) ದಾಸ್ತಾನು ಕಮ್ಮಿ, ಎಚ್ಚರ ತಪ್ಪಿದಾಗ ಆ ದಾಸ್ತಾನು ಬಿಡಿಸುವ ಗ್ಲುಕಗಾನ್ ಇಂಜೆಕ್ಷನ್ ಕೊಟ್ರೂ ಅದು ಕೆಲಸ ಮಾಡುದು ಅಷ್ಟಕ್ಕಷ್ಟೆ.

ಆ ಸೈಕಲ್‌ನವರ ಕತೆ ಸುಳ್ಳಲ್ಲ. ಆದ್ರೆ ಅದು ಒಬ್ಬ ಮನುಷ್ಯನ ಲೆಕ್ಕ. 2018ರಲ್ಲಿ ಇನ್ನೊಂದು ಅಧ್ಯಯನ ಬಂದಿತ್ತು, ಫೇಸ್‌ಬುಕ್ ಗುಂಪೊಂದರ 316 ಟೈಪ್ ಒನ್‌ನವರು, ದಿನಕ್ಕೆ ಸರಾಸರಿ 36 ಗ್ರಾಂ ಕಾರ್ಬ್, ಎಚ್‌ಬಿಎವನ್‌ಸಿ ಸರಾಸರಿ 5.67. ಚಂದದ ನಂಬರ್, ಸುಳ್ಳು ಹೇಳುದಿಲ್ಲ, ನಂಗೂ ಆಸೆ ಆಗ್ತದೆ. ಆದ್ರೆ ಆಗಿ ಬಂದವರೇ ಅಲ್ವಾ ಗುಂಪಲ್ಲಿ ಉಳಿಯುದು, ಆಗದೆ ಬಿಟ್ಟವರ ಲೆಕ್ಕ ಯಾರಿಟ್ಟಿದ್ದಾರೆ?

ಮಲ್ಪೆಯಿಂದ ಒಬ್ಬರು:
ನಾನೂ ಟೈಪ್ ಒನ್, 19 ವರ್ಷ ಆಯ್ತು, ಪಡುಕೆರೆ ಮಟ್ಟು ಕಾಪು ರೋಡಲ್ಲಿ ಸೈಕಲ್ ಹೊಡಿತೇನೆ. ಅಣ್ಣ, ಗ್ಲೂಕೋಸ್ ಪುಡಿ ಪ್ಲಾಸ್ಟಿಕ್ ಕವರಲ್ಲಿ ಇಟ್ಕೊಳ್ಬೇಡಿ, ನಮ್ಮೂರ ಮಳೆಗಾಲಕ್ಕೆ ಅದು ಕಲ್ಲಾಗ್ತದೆ. ಒಮ್ಮೆ ಮಟ್ಟು ಸೇತುವೆ ಹತ್ರ ನಡುಗುವ ಕೈಯಲ್ಲಿ ಆ ಗಟ್ಟಿಯನ್ನು ಹ್ಯಾಂಡಲ್‌ಗೆ ಕುಟ್ಟಿ ಕುಟ್ಟಿ ನೆಕ್ಕಿದ್ದೇನೆ. ಈಗ ಮಾತ್ರೆ ಬರುವ ಮುಚ್ಚಳದ ಡಬ್ಬಿ, ಒಳಗೆ ನಾಲ್ಕು ಕಾಳು ಅಕ್ಕಿ. ಮತ್ತೆ ಲೋ ಆಗ್ತಾ ಇರುವಾಗ ಸೆನ್ಸರ್ 80 ತೋರಿಸಿದ್ರೆ ನಂಬ್ಬೇಡಿ, ಬೆರಳು ಚುಚ್ಚಿದ್ರೆ 60 ಇರ್ತದೆ, ಅದು ಯಾವಾಗ್ಲೂ ಹತ್ತು ನಿಮಿಷ ಹಿಂದೆ.

ಪ್ರಶ್ನೆ (ಸುರತ್ಕಲ್‌ನಿಂದ):
ಥ್ಯಾಂಕ್ಸ್ ಡಾಕ್ಟ್ರೆ, ನಿಜ ಹೇಳ್ಬೇಕಂದ್ರೆ ಸ್ವಲ್ಪ ಹೆದ್ರಿಕೆ ಆಯ್ತು. ಮೂತ್ರದ ಕೀಟೋನ್ ಸ್ಟ್ರಿಪ್ ಉಂಟು ನನ್ನ ಹತ್ರ, ಸಾಕಾ? ಮೆಡಿಕಲಿನವರು ಡಾಪಾಗ್ಲಿಫ್ಲೋಜಿನ್ ಮಾತ್ರೆ ತಗೊಂಡ್ರೆ ಇನ್ಸುಲಿನ್ ಇನ್ನೂ ಕಮ್ಮಿ ಆಗ್ತದೆ ಅಂದ್ರು, ಅದು?

ಉತ್ತರ (ಡಾಕ್ಟರ್, ಉಡುಪಿ):
ಆ ಮಾತ್ರೆ ಮುಟ್ಲೇಬೇಡಿ. ಶುಗರನ್ನು ಮೂತ್ರದಲ್ಲಿ ಹೊರಗೆ ಹಾಕ್ತದೆ, ಶುಗರ್ ಚಂದ ಕಾಣ್ತದೆ, ಒಳಗಿಂದ ಕೀಟೋನ್ ಏರ್ತದೆ. ಟೈಪ್ ಒನ್ ಪ್ಲಸ್ ಕೀಟೊ ಪ್ಲಸ್ ಈ ಮಾತ್ರೆ ಅಂದ್ರೆ ನೀವೇ ಹೋಗಿ ಐಸಿಯು ಬಾಗಿಲು ತಟ್ಟಿದ ಹಾಗೆ.

ಮೂತ್ರದ ಸ್ಟ್ರಿಪ್ ಕೀಟೊದವರಿಗೆ ದಿನಾ ನೇರಳೆ ಬಣ್ಣವೇ, ದಿನಾ ಹೊಡೆಯುವ ಗಂಟೆಯನ್ನು ಯಾರು ಕೇಳ್ತಾರೆ? ರಕ್ತದ ಕೀಟೋನ್ ಮೀಟರ್ ತಗೊಳ್ಳಿ, ಸ್ಟ್ರಿಪ್ ದುಬಾರಿ, ಗೊತ್ತು. ಎರಡು ವಾರ ಬೆಳಿಗ್ಗೆ ನೋಡಿ ಬರೆದಿಟ್ರೆ ನಿಮ್ಮ ಮಾಮೂಲಿ ಎಷ್ಟು ಅಂತ ಗೊತ್ತಾಗ್ತದೆ. 1.5 ದಾಟಿದ್ರೆ ಆ ದಿನ ಓಟ ಇಲ್ಲ. 3 ದಾಟಿದ್ರೆ, ಅಥವಾ ಎಷ್ಟೇ ಇದ್ದು ವಾಂತಿ ಶುರುವಾದ್ರೆ, ಆಸ್ಪತ್ರೆ. ಓಡುವ ಮೊದಲು ಶುಗರ್ 126ರಿಂದ 180ರ ಒಳಗಿದ್ರೆ ಒಳ್ಳೇದು, 90ಕ್ಕಿಂತ ಕೆಳಗಿದ್ರೆ ಮೊದಲು ಗ್ಲೂಕೋಸ್. ತೊಡೆಗೆ ಚುಚ್ಚಿ ಓಡ್ಲಿಕ್ಕೆ ಹೋಗ್ಬೇಡಿ, ಓಡುವ ಕಾಲಿಂದ ಇನ್ಸುಲಿನ್ ಬೇಗ ಎಳ್ಕೊಳ್ತದೆ.

ನನ್ನ ಸ್ವಂತ ಅಭಿಪ್ರಾಯ ಕೇಳಿದ್ರೆ, 30 ಗ್ರಾಂ ಹಠ ಬಿಟ್ಟು ದಿನಕ್ಕೆ ನೂರರ ಆಸುಪಾಸಿಗೆ ಬನ್ನಿ, ಓಟದ ದಿನ ಗಂಟೆಗೆ 30 ಗ್ರಾಂ ಕಾರ್ಬ್ ಕುಡಿಯುವ ನೀರಲ್ಲೇ ಕಲಸ್ಕೊಳ್ಳಿ. ಕಾರ್ಬ್ ಏರಿಸುವಾಗ ಡೋಸೂ ಬದಲಾಗ್ತದೆ, ಅದನ್ನು ಡಾಕ್ಟರ್ ಎದುರು ಕೂತು ಲೆಕ್ಕ ಹಾಕಿ. ಎಚ್‌ಬಿಎವನ್‌ಸಿ 6.5 ಇದ್ದದ್ದು 6.8 ಆದೀತು. ಆಗ್ಲಿ ಬಿಡಿ.

ಕಾರ್ಕಳದಿಂದ ಒಬ್ಬರು:
ನನ್ನ ಮಗಳಿಗೆ ಒಂಬತ್ತು ವರ್ಷ, ಟೈಪ್ ಒನ್. ಅವಳಿಗೂ ಕೀಟೊ ಮಾಡಬಹುದಾ ಸರ್?

ಉತ್ತರ (ಡಾಕ್ಟರ್, ಉಡುಪಿ):
ಬೇಡ ಅಮ್ಮಾ. ಬೆಳೆಯುವ ಮಗು. ಅವಳು ಎಲ್ಲರ ಹಾಗೆ ಉಣ್ಣಲಿ, ನೀವು ಕಾರ್ಬ್ ಲೆಕ್ಕ ಕಲಿಯಿರಿ, ಎಷ್ಟು ಇಡ್ಲಿಗೆ ಎಷ್ಟು ಯೂನಿಟ್ ಅಂತ.

ಪ್ರಶ್ನೆ (ಸುರತ್ಕಲ್‌ನಿಂದ):
ಮೀಟರ್ ಬಂತು ಡಾಕ್ಟ್ರೆ. ಇವತ್ತು ಬೆಳಿಗ್ಗೆ 0.7. ಅಮ್ಮ ಇದನ್ನೆಲ್ಲ ಓದಿ ಗಂಜಿಯ ವಿಷಯ ಹಿಡ್ಕೊಂಡು ಕೂತಿದ್ದಾರೆ, ಆದಿತ್ಯವಾರ ಓಡುವ ಮೊದಲು ಒಂದು ಬಟ್ಲು ಕೊಡಬಹುದಾ ಕೇಳು ಅಂತ.

ಉತ್ತರ (ಡಾಕ್ಟರ್, ಉಡುಪಿ):
ಕೊಡಬಹುದು, ಆದ್ರೆ ಬಟ್ಲಿನ ಲೆಕ್ಕ ಬೇಡ. ತಿಳಿ ಬಸಿದು ಕುಚ್ಚಲಕ್ಕಿ ಅನ್ನ ತಕ್ಕಡಿಯಲ್ಲಿಟ್ಟು ತೂಗ್ಲಿಕ್ಕೆ ಹೇಳಿ, 100 ಗ್ರಾಮಿಗೆ ಕಾರ್ಬ್ ಸುಮಾರು 25 ಗ್ರಾಂ. ಓಡುವ ಎರಡು ಗಂಟೆ ಮೊದಲು ಉಣ್ಣಿ, ಅದಕ್ಕೆ ಹಾಕುವ ನೊವೊರ‍್ಯಾಪಿಡ್ ಮಾಮೂಲಿ ಡೋಸಿನ ಅರ್ಧ, ಹೊಟ್ಟೆಗೆ. ಉಪ್ಪಿನಕಾಯಿಗೆ ಲೆಕ್ಕ ಬೇಡ.